ಪಟ್ಟಣದ ದಪ್ಪ ದನಿ

1799ರ ಮೇ 4, ಮಧ್ಯಾಹ್ನ ಒಂದು ಗಂಟೆ ದಾಟಿದ ಹೊತ್ತು. ಬೇಸಿಗೆಯ ಕಾವೇರಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಹಿಂದೊಮ್ಮೆ ಇದೇ ಕೋಟೆಯ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಳೆತಿದ್ದ ಡೇವಿಡ್ ಬೇರ್ಡ್ ಕತ್ತಿ ಹಿರಿದು ಕಂದಕದಿಂದ ಮೇಲೆದ್ದ. ಸುಮಾರು 4,400 ಮಂದಿ ಅವನ ಹಿಂದೆ ಹೊಳೆಗಿಳಿದರು. ಕತ್ತಲಾಗುವ ಹೊತ್ತಿಗೆ ಶ್ರೀರಂಗಪಟ್ಟಣ ಬಿದ್ದಿತ್ತು. ಬಾಗಿಲೊಂದರ ಕತ್ತಲಲ್ಲಿ ಹೆಣಗಳ ರಾಶಿಯೊಳಗೆ ಪಂಜು ಹಿಡಿದು ಹುಡುಕಿದಾಗ ಟಿಪ್ಪುವಿನ ದೇಹ ಸಿಕ್ಕಿತು. ಮರುದಿನ ಸಂಜೆ ಅವನನ್ನು ಗುಂಬಜಿನಲ್ಲಿ ತಂದೆಯ ಪಕ್ಕ ಮಣ್ಣುಮಾಡಿದರು. ಆ ರಾತ್ರಿಯ ಗುಡುಗು ಸಿಡಿಲು ಎಂಥದ್ದಿತ್ತೆಂದರೆ, ಯುದ್ಧದಲ್ಲಿ ಉಳಿದು ಬಂದ ಇಂಗ್ಲಿಷ್ ದಂಡಿನ ಕೆಲವರು ಬಿಡಾರದಲ್ಲೇ ಸಿಡಿಲು ಬಡಿದು ಸತ್ತರು.

ಇಷ್ಟು ನಮಗೆಲ್ಲ ಗೊತ್ತಿರುವ ಕತೆ. ಶಾಲೆಯ ಪ್ರವಾಸದಲ್ಲಿ ಗೈಡು ಹೇಳುತ್ತಾನೆ, ನಾವು ಕೇಳಿಸಿಕೊಂಡು ಸೌತೆಕಾಯಿ ತಿನ್ನಲು ಹೋಗುತ್ತೇವೆ. ನನ್ನ ಕತೆ ಶುರುವಾಗುವುದು ಅದರ ನಂತರ, ಕಂಪನಿಯವರು ಅರಮನೆಯ ಕೋಣೆಗಳನ್ನು ಒಂದೊಂದಾಗಿ ತೆರೆಸುತ್ತ ಹೋದಾಗ. ವಾದ್ಯಗಳಿಗೆಂದೇ ಮೀಸಲಿಟ್ಟ ಒಂದು ಕೋಣೆ ಅವರಿಗೆ ಸಿಕ್ಕಿತು. ಅದರೊಳಗೊಂದು ಮರದ ಹುಲಿ. ಅಂಗಾತ ಬಿದ್ದ ಯುರೋಪಿನವನೊಬ್ಬನ ಮೇಲೆ ಎರಗಿ ಅವನ ಕೊರಳಿಗೆ ಬಾಯಿ ಹಾಕಿದೆ. ಬಣ್ಣ ಬಳಿದು ಅರಗಿನ ಮೆರುಗು ಕೊಟ್ಟ ಆಳುದ್ದದ ಹುಲಿ: 178 ಸೆಂಟಿಮೀಟರ್ ಉದ್ದ, 71 ಸೆಂಟಿಮೀಟರ್ ಎತ್ತರ. ಪಕ್ಕೆಯಲ್ಲೊಂದು ಹಿಡಿ. ಅದನ್ನು ತಿರುಗಿಸಿದರೆ ಎರಡು ದನಿ ಹೊರಡುತ್ತವೆ. ಒಂದು, ಕೆಳಗೆ ಬಿದ್ದವನ ಗಂಟಲಿನದು. ತಿದಿಯ ಗಾಳಿ ಕೊಳವೆಯಲ್ಲಿ ನುಗ್ಗಿ ಕೀರಲು ಗೋಳಾಗಿ ಬಾಯಿಂದ ಹೊರಬೀಳುತ್ತದೆ, ಅವನ ಎಡಗೈ ಮೇಲೆದ್ದು ಇಳಿಯುತ್ತದೆ, ಕೈ ಆಡಿದಂತೆ ಗೋಳಿನ ಶ್ರುತಿ ಏರಿಳಿಯುತ್ತದೆ. ಇನ್ನೊಂದು ಹುಲಿಯ ತಲೆಯೊಳಗಿನದು. ಹಿಡಿ ಹಲವು ಸುತ್ತು ಸುತ್ತುವವರೆಗೆ ಭಾರ ಹೊತ್ತ ತಿದಿಯೊಂದು ಮೆಲ್ಲಗೆ ಮೇಲೇಳುತ್ತದೆ, ಆಮೇಲೆ ಧೊಪ್ಪನೆ ಕುಸಿಯುತ್ತದೆ. ಆಗ ಹುಲಿ ಗುರ್ರೆನ್ನುತ್ತದೆ. ಹೊಟ್ಟೆಯ ಪಕ್ಕದ ಮುಚ್ಚಳ ತೆಗೆದರೆ ಒಳಗೆ 18 ದಂತದ ಗುಂಡಿಗಳ ಪುಟ್ಟ ಆರ್ಗನ್ನು. ಬೇಕಾದರೆ ರಾಗವನ್ನೂ ನುಡಿಸಬಹುದು.

ಗವರ್ನರ್ ಜನರಲ್ ಮಾರ್ನಿಂಗ್ಟನ್ ಈ ಯಂತ್ರದ ಜೊತೆ ಲಂಡನ್ನಿಗೆ ಒಂದು ವಿವರಣೆಯ ಟಿಪ್ಪಣಿ ಕಳಿಸಿದ. ಹುಲಿ ಸಿಕ್ಕಿದ್ದು ವಾದ್ಯಗಳ ಕೋಣೆಯಲ್ಲಿ ಎಂದು ನಮಗೆ ತಿಳಿದಿರುವುದೇ ಆ ಟಿಪ್ಪಣಿಯಿಂದ. ಆದರೆ ಅದು ವರ್ಣಿಸುವುದು ಹುಲಿಯನ್ನು. ಕೋಣೆಯಲ್ಲಿದ್ದ ಉಳಿದ ವಾದ್ಯಗಳ ಸುದ್ದಿಗೆ ಹೋಗುವುದಿಲ್ಲ. ಅವು ಯಾವುವು, ಯಾರ ಪಾಲಾದವು ಎಂದು ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ. ಪಟ್ಟಣದ ದಪ್ಪ ದನಿಯ, ಅಂದರೆ ಕೊಂಬು ಕಹಳೆಗಳ, ಕತೆ ನನಗೆ ಕಾಣುವುದೇ ಆ ಮೌನದಲ್ಲಿ. ನಮ್ಮ ಸೀಮೆಯವರು ಶ್ರೀರಂಗಪಟ್ಟಣವನ್ನು ಇವತ್ತಿಗೂ ಬರೀ ‘ಪಟ್ಟಣ’ ಎನ್ನುವುದು. ನಾನೂ ಹಾಗೆಯೇ ಕರೆಯುತ್ತೇನೆ.

ದಪ್ಪ ದನಿ ಎಂದರೆ ದುಬಾರಿ ದನಿ. ಇದು ಬರೀ ಮಾತಿನ ಚಮತ್ಕಾರವಲ್ಲ, ಕೊಳವೆಯ ಲೆಕ್ಕ. ಊದುವ ಕೊಳವೆಯ ಉದ್ದವನ್ನು ಎರಡು ಪಟ್ಟು ಮಾಡಿದರೆ ದನಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬ್ಯಾಂಡಿನವರ ಮಾಮೂಲಿ ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು ನಾಲ್ಕೂವರೆ ಅಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯಲು 9 ಅಡಿ ಬೇಕು, ಎರಡು ಸ್ಥಾಯಿ ಕೆಳಗಿಳಿಯಲು 18 ಅಡಿ. ಬ್ಯಾಂಡಿನ ಅತಿ ದೊಡ್ಡ ಟ್ಯೂಬಾದ ಹೊಟ್ಟೆಯಲ್ಲಿ ಸುತ್ತಿ ಮಲಗಿರುವುದು ಅಷ್ಟು ಉದ್ದದ ಕೊಳವೆಯೇ. ಉದ್ದ ಹೆಚ್ಚಿದಂತೆ ಲೋಹ ಹೆಚ್ಚು, ತೂಕ ಹೆಚ್ಚು, ದಮ್ಮು ಹೆಚ್ಚು. ಊದುವವನು ಹೊಲದ ಕೆಲಸಕ್ಕೆ ಹೋಗದೆ ಅದೊಂದನ್ನೇ ಮಾಡಿಕೊಂಡಿರಬೇಕಾದರೆ ಅವನಿಗೆ ಉಂಬಳಿಯನ್ನೋ ಸಂಬಳವನ್ನೋ ಕೊಡುವವರು ಬೇಕು. ಓಲಗದವನು ತನ್ನ ವಾದ್ಯವನ್ನು ಚೀಲಕ್ಕೆ ಹಾಕಿಕೊಂಡು ಹತ್ತೂರು ತಿರುಗಿ ಬದುಕಬಲ್ಲ. ಕೊಂಬಿನವನ ಕೈಯಲ್ಲಿ ಅದಾಗುವ ಕೆಲಸವಲ್ಲ.

ನಮ್ಮ ಕೊಂಬು, ಕಹಳೆಗಳು ಟ್ಯೂಬಾದಷ್ಟು ಕೆಳಗೆ ಇಳಿಯುತ್ತಿದ್ದವೆಂದು ಹೇಳಿದರೆ ಸುಳ್ಳಾಗುತ್ತದೆ. ಕೊಂಬಿಗೆ ಬೆರಳಿಡುವ ತೂತಿಲ್ಲ, ಗುಂಡಿಯಿಲ್ಲ. ತುಟಿಯ ಬಿಗಿ ಸಡಿಲಗಳಲ್ಲೇ ಅದರ ಸಂಗೀತವೆಲ್ಲ ಮುಗಿಯಬೇಕು: ಒಂದು ಷಡ್ಜ, ಮೇಲೊಂದು ಪಂಚಮ, ಅದರ ಮೇಲೆ ತಾರ ಷಡ್ಜ, ಎದೆ ಗಟ್ಟಿಯಿದ್ದವನಿಗೆ ಇನ್ನೂ ಒಂದೆರಡು. ಹತ್ತಿರ ನಿಂತು ನೋಡಿದರೆ ಅದರ ಜೋಡಣೆ ಕಾಣುತ್ತದೆ. ಎರಡೋ ಮೂರೋ ಬಾಗಿದ ತುಂಡುಗಳನ್ನು ಒಂದರೊಳಗೊಂದು ಸೇರಿಸಿ, ಗಾಳಿ ಸೋರದ ಹಾಗೆ ಸಂದಿಗೆ ಮೇಣವನ್ನೋ ಬಟ್ಟೆಯನ್ನೋ ಒತ್ತಿರುತ್ತಾರೆ. ಹಿತ್ತಾಳೆಯ ಮೇಲೆ ಬೆವರಿನ ಹಸಿರು ಕಿಲುಬು. ಬಾಯಿಡುವ ಕಡೆ ಮಾತ್ರ ತುಟಿ ಉಜ್ಜಿ ಉಜ್ಜಿ ಕನ್ನಡಿ. ಊದುವವನು ಮೊದಲು ಉಗುಳಿ, ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚುತ್ತಾನೆ. ಮೊದಲು ಬರುವುದು ದನಿಯಲ್ಲ, ಒಂದು ನಡುಕ. ಪಕ್ಕದಲ್ಲಿದ್ದವನ ಎದೆಗೂಡಿಗೆ ಅದು ತಾಗಿದ ಮೇಲೆ ಕಿವಿಗೆ ಕೇಳುತ್ತದೆ. ಆಮೇಲೆ ಕೊಂಬು ಆಕಾಶಕ್ಕೇರುತ್ತದೆ.

ಹೊಯ್ಸಳರ ಗುಡಿಗಳ ಗೋಡೆಗಳಲ್ಲಿ ಸಾಗುವ ಕಲ್ಲಿನ ದಂಡಿನ ಸಾಲುಗಳಲ್ಲಿ ಇಂಥ ಬಾಗಿದ ಕೊಂಬನ್ನು ಊದುವವರು ಸಿಗುತ್ತಾರೆ. ಈ ಸೀಮೆ ತುಂಬ ಅವರದೇ ಗುಡಿಗಳು: ಕೆ.ಆರ್. ಪೇಟೆ ಕಡೆ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಇತ್ತ ನಾಗಮಂಗಲದ ಸೌಮ್ಯಕೇಶವ. ನಾಗಮಂಗಲ ಲೋಹದ ಊರೂ ಹೌದು. ಅಲ್ಲಿನ ವಿಶ್ವಕರ್ಮರ ಎರಕದ ವಿಗ್ರಹ, ದೀಪ, ಗಂಟೆಗಳಿಗೆ ಹಿಂದಿನಿಂದಲೂ ಹೆಸರು. ಆದರೆ ಎರಕ ಬೇರೆ, ಕೊಂಬು ಬೇರೆ. ಗಂಟೆಯನ್ನು ಅಚ್ಚಿಗೆ ಹೊಯ್ಯುತ್ತಾರೆ. ಕೊಂಬನ್ನು ತಗಡಿನಿಂದ ಬಡಿದು, ಸುರುಳಿ ಮಾಡಿ, ಬೆಸೆದು, ಬಾಗಿಸಬೇಕು. ಟೊಳ್ಳು ಕೊಳವೆಯನ್ನು ಹಾಗೇ ಬಗ್ಗಿಸಹೊರಟರೆ ಜಜ್ಜಿಹೋಗುತ್ತದೆ, ಅದಕ್ಕೆ ಒಳಗೆ ಅರಗನ್ನೋ ಸೀಸವನ್ನೋ ತುಂಬಿ ಬಗ್ಗಿಸಿ, ಆಮೇಲೆ ಕಾಯಿಸಿ ಹೊರಹಾಕುವುದು ಲೋಕದ ಎಲ್ಲ ಕಡೆಯ ಕಂಚುಗಾರರ ಉಪಾಯ. ಗಂಟೆ ಒಡೆಯುವ ತನಕ ಗಂಟೆಯೇ. ಕೊಂಬು ಒಮ್ಮೆ ಜಜ್ಜಿತೆಂದರೆ ಮತ್ತೆ ತಗಡು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಪಟ್ಟಣವನ್ನು ಪಡೆದು ನವರಾತ್ರಿಯ ಉತ್ಸವವನ್ನು ಅಲ್ಲಿ ಆರಂಭಿಸಿದರು. ಹಂಪಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅಲ್ಲಿನ ಕಹಳೆ, ನಗಾರಿಗಳ ಅಬ್ಬರವನ್ನು ಬರೆದಿದ್ದಾನೆ. ಸಿಂಹಾಸನದ ಜೊತೆ ಆ ಸದ್ದೂ ಪಟ್ಟಣಕ್ಕೆ ಬಂತೆಂದು ಹೇಳಿದರೆ ತಪ್ಪಾಗಲಾರದು. ಉತ್ತರದಲ್ಲಿ ಮೊಘಲರು ಇದನ್ನು ಇಲಾಖೆಯನ್ನಾಗಿಯೇ ಮಾಡಿಕೊಂಡಿದ್ದರು. ಅಕ್ಬರನ ನಗಾರಖಾನೆಯಲ್ಲಿ ಏನೇನಿತ್ತೆಂದು ಅಬುಲ್ ಫಜಲ್ ಪಟ್ಟಿ ಕೊಟ್ಟಿದ್ದಾನೆ: 20 ಜೊತೆ ನಗಾರಿ, 9 ಸುರ್ನಾ, ಹಸುವಿನ ಕೊಂಬಿನ ಆಕಾರದ ಹಿತ್ತಾಳೆಯ ಸಿಂಗ್, ಮತ್ತು ಚಿನ್ನ, ಬೆಳ್ಳಿ, ಹಿತ್ತಾಳೆಗಳಲ್ಲಿ ಮಾಡಿದ ಕರ್ನಾ ಎಂಬ ನೀಳ ಕಹಳೆ. ಕರ್ನಾವನ್ನು ನಾಲ್ಕಕ್ಕಿಂತ ಕಡಿಮೆ ಊದುವ ಹಾಗಿರಲಿಲ್ಲವಂತೆ. ನೌಬತ್ತು ಬಾರಿಸುವ ಹಕ್ಕನ್ನು ಬಾದಶಹ ಕೊಟ್ಟರೆ ಮಾತ್ರ ಉಂಟು. ಯಾರ ಬಾಗಿಲಲ್ಲಿ ನಗಾರಿ, ಯಾರ ಮುಂದೆ ಕಹಳೆ ಎನ್ನುವುದೇ ಯಾರು ದೊರೆ ಎನ್ನುವುದರ ಗುರುತು. ‘ನಗಾರಿ ನಿಶಾನೆ’ ಎಂಬ ಜೋಡಿಮಾತು ಸುಮ್ಮನೆ ಹುಟ್ಟಿದ್ದಲ್ಲ. 1761ರಲ್ಲಿ ನಿಜಾಮನ ಮನೆತನದ ಬಸಾಲತ್ ಜಂಗನಿಂದ ಸಿರಾದ ನವಾಬಗಿರಿಯನ್ನು ಹೈದರಾಲಿ ಪಡೆದದ್ದೂ ಇದೇ ಲೋಕದ ವ್ಯವಹಾರದಲ್ಲಿ.

ಇಂಥ ಸದ್ದಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಇಂಗ್ಲಿಷರಿಂದಲ್ಲ. 1771ರ ಮಾರ್ಚಿನಲ್ಲಿ ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ತ್ರಿಂಬಕರಾಯನ ಮರಾಠಾ ದಂಡು ಹೈದರನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ತಪ್ಪಿಸಿಕೊಂಡ ಹೈದರ್ ಪಟ್ಟಣ ಸೇರಿದ. ದಂಡು ಮೇಲುಕೋಟೆಗೆ ನುಗ್ಗಿತು. ದೊಡ್ಡ ಮರದ ತೇರುಗಳಿಗೆ ಬೆಂಕಿಯಿಟ್ಟರು. ಕೋಪಕ್ಕಲ್ಲ, ಅವುಗಳಲ್ಲಿದ್ದ ಕಬ್ಬಿಣಕ್ಕೆ. ಬೆಂಕಿ ಗುಡಿಯ ಕಟ್ಟಡಗಳಿಗೂ ಹಬ್ಬಿತೆಂದು ಲೂಯಿಸ್ ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ತೇರನ್ನೇ ಕಬ್ಬಿಣಕ್ಕಾಗಿ ಸುಟ್ಟವರು ಹಿತ್ತಾಳೆಯ ಕಹಳೆಯನ್ನು ವಾದ್ಯವೆಂದು ಬಿಟ್ಟುಹೋಗಿರುತ್ತಾರೆಯೇ? ಲೂಟಿಯವನ ತಕ್ಕಡಿಗೆ ರಾಗ ತಾಳ ತಿಳಿಯುವುದಿಲ್ಲ. ಮುಂದೆ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ನಾಗಮಂಗಲವನ್ನೂ ಮರಾಠರು ಹಾಳುಗೆಡವಿದರು. ಊರು ಚೇತರಿಸಿಕೊಳ್ಳಲು ತಲೆಮಾರುಗಳೇ ಬೇಕಾದವು.

ಈ ಮಧ್ಯೆ ಪಟ್ಟಣದ ಉತ್ತರಕ್ಕೆ, ಹಿರೋಡೆಯ ಗುಡ್ಡಗಳ ಬುಡದಲ್ಲಿ, ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸಿಪಾಯಿಗಳು ಬಿಡಾರ ಹೂಡಿದ್ದರು. ಅದರಿಂದಲೇ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದು, ಪಾಂಡವಪುರವಾಗುವ ತನಕ ಅಂಟಿಕೊಂಡಿತು. ಅವರ ದೇಶದಲ್ಲಿ ಆಗ ದಪ್ಪ ದನಿಯ ಊದುವಾದ್ಯವೆಂದರೆ ಸರ್ಪೆಂಟ್. ಹೆಸರಿಗೆ ತಕ್ಕ ಹಾಗೆ ಹಾವಿನ ಡೊಂಕು, ಮರದ ಮೈಗೆ ಚರ್ಮದ ಹೊದಿಕೆ, ಮೂತಿಗೆ ಹಿತ್ತಾಳೆ, ಒಟ್ಟು ಎಂಟಡಿ ಕೊಳವೆ. 1590ರ ಸುಮಾರಿಗೆ ಓಸೇರ್ ಊರಿನ ಪಾದ್ರಿಯೊಬ್ಬ ಮಾಡಿದ್ದೆಂದು ಪ್ರತೀತಿ. ಇಗರ್ಜಿಯ ಹಾಡುಗಾರರಿಗೆ ಕೆಳಗಿನಿಂದ ಆಸರೆ ಕೊಡುತ್ತಿದ್ದ ಈ ಹಾವು 18ನೇ ಶತಮಾನದ ಕೊನೆಗೆ ಪಲ್ಟನುಗಳ ಬ್ಯಾಂಡನ್ನೂ ಸೇರಿತ್ತು. ಯುರೋಪಿನವರಿಗೂ ಗಟ್ಟಿಯಾದ, ಸ್ವರ ತಪ್ಪದ ಲೋಹದ ಮಂದ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ ಎನ್ನುವುದನ್ನು ಇಲ್ಲಿ ನೆನಪಿಡಬೇಕು.

ಇನ್ನು ಹುಲಿಯಂತ್ರ ಹುಟ್ಟಿದ್ದರ ಬಗ್ಗೆ ಹೇಳುವ ಕತೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ಹೊಸಕಿಹಾಕಿದರು. ದರಿಯಾದೌಲತ್ತಿನ ಗೋಡೆಯ ಮೇಲೆ ಆ ಗೆಲುವಿನ ಚಿತ್ರ ಇಂದಿಗೂ ಇದೆ. ಬೇಲಿಯ ನೆರವಿಗೆ ಬರಬೇಕಿದ್ದ ಸರ್ ಹೆಕ್ಟರ್ ಮನ್ರೋ ಸಮಯಕ್ಕೆ ಬರಲಿಲ್ಲ. ತನ್ನ ದೊಡ್ಡ ತೋಪುಗಳನ್ನು ಕಂಚಿಯ ಕೆರೆಗೆ ನೂಕಿ ಮದ್ರಾಸಿಗೆ ಕಾಲ್ತೆಗೆದ. ಹನ್ನೆರಡು ವರ್ಷದ ಮೇಲೆ, 1792ರ ಡಿಸೆಂಬರಿನಲ್ಲಿ, ಇದೇ ಮನ್ರೋನ ಮಗನನ್ನು ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯೊಂದು ಹೊತ್ತೊಯ್ದಿತು. ಸುದ್ದಿ ಇಂಗ್ಲೆಂಡಿನ ಮನೆಮನೆಗೂ ಹೋಯಿತು. ಟಿಪ್ಪು ಅದನ್ನು ಕೇಳಿ ಖುಷಿಪಟ್ಟು ಹುಲಿಯಂತ್ರ ಮಾಡಿಸಿದ ಎಂಬ ಕತೆ ಹುಟ್ಟಿದ್ದು ಹೀಗೆ.

ವಿದ್ವಾಂಸರಲ್ಲಿ ಇದಕ್ಕೆ ಒಮ್ಮತವಿಲ್ಲ. ಮನ್ರೋ ಕತೆಯನ್ನು ಒಪ್ಪುವವರಿದ್ದಾರೆ. ಹುಲಿ ಟಿಪ್ಪುವಿನ ಲಾಂಛನ, ಸಿಂಹಾಸನದಿಂದ ತೋಪಿನ ಬಾಯಿಯವರೆಗೆ ಎಲ್ಲ ಕಡೆ ಅದೇ ಇದ್ದಾಗ ಈ ಯಂತ್ರಕ್ಕೆ ಬೇರೊಂದು ನೆಪ ಯಾಕೆ ಬೇಕು ಎನ್ನುವವರೂ ಇದ್ದಾರೆ. ಕೆತ್ತನೆ, ಬಣ್ಣ ಇಲ್ಲಿಯವು ಎನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ. ಒಳಗಿನ ಯಂತ್ರ ಫ್ರೆಂಚರ ಕೈಯದೇ, ಡಚ್ಚರದೇ, ಅದನ್ನು ನೋಡಿ ಕಲಿತ ಇಲ್ಲಿನವರದೇ ಎಂಬಲ್ಲಿ ಜಗ್ಗಾಟ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೈಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನೂ ಕೇಳಿದ್ದರು ಎನ್ನುವುದು ಫ್ರೆಂಚ್ ವಾದಕ್ಕೆ ಬಲ. ನನಗೆ ಈ ಜಗಳಕ್ಕಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು. ಆ ಯಂತ್ರಕ್ಕೂ ಆರು ನೂರು ವರ್ಷ ಹಿಂದೆ ಇದೇ ನೆಲವನ್ನು ಆಳಿದ ಹೊಯ್ಸಳರ ಲಾಂಛನದಲ್ಲಿ ಸಳ ಹುಲಿಯನ್ನು ಇರಿಯುತ್ತಾನೆ. ಪಟ್ಟಣದ ಯಂತ್ರದಲ್ಲಿ ಹುಲಿ ಮೇಲೆ, ಮನುಷ್ಯ ಕೆಳಗೆ. ದನಿಯ ಹಂಚಿಕೆಯೂ ಹಾಗೇ: ಗೆದ್ದದ್ದಕ್ಕೆ ಮಂದ್ರ, ಸೋತವನಿಗೆ ಕೀರಲು. ಮಾಡಿದವನು ಯಾವ ದೇಶದವನಾದರೇನು, ಅಧಿಕಾರದ ಸ್ವರಸ್ಥಾನ ಅವನಿಗೆ ಸರಿಯಾಗಿ ಗೊತ್ತಿತ್ತು.

1799ರ ಜೂನ್ 30ರಂದು ಮೈಸೂರಿನಲ್ಲಿ, ಅರಮನೆಯೂ ಇಲ್ಲದ ಊರಿನಲ್ಲಿ, ಚಪ್ಪರ ಹಾಕಿ ಐದು ವರ್ಷವೂ ತುಂಬದ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಬಂದೂಕುಗಳು ಮೂರು ಸುತ್ತು ಹಾರಿದವು. ಶ್ರೀರಂಗಪಟ್ಟಣದ ಕೋಟೆಯಿಂದ ರಾಜಮರ್ಯಾದೆಯ ತೋಪು ಹಾರಿತು. ನನ್ನ ಮಟ್ಟಿಗೆ ಮೇ 4ಕ್ಕಿಂತ ದೊಡ್ಡ ತಿರುವು ಇದು. ದೊರೆ ಒಂದೂರಿನಲ್ಲಿ, ಅವನು ದೊರೆಯೆಂದು ಸಾರುವ ಸದ್ದು ಇನ್ನೊಂದೂರಿನಿಂದ. ಆ ಸದ್ದಿನ ಕೀಲಿಯೋ ಕಂಪನಿಯ ಕೈಯಲ್ಲಿ. ಪೂರ್ಣಯ್ಯ ದಿವಾನರಾಗಿ ರಾಜ್ಯವನ್ನು ಅಚ್ಚುಕಟ್ಟಾಗಿ ನಡೆಸಿದರು, ಸಂಶಯವಿಲ್ಲ. ಆದರೆ ನಗಾರಖಾನೆಯ ಕಾಲ ಮುಗಿದಿತ್ತು.

ಪಟ್ಟಣ ಬರಿದಾದ ವೇಗ ದಿಗಿಲು ಹುಟ್ಟಿಸುತ್ತದೆ. ಟಿಪ್ಪುವಿನ ಕಾಲಕ್ಕೆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು 1800ರಲ್ಲಿ ಸಮೀಕ್ಷೆಗೆ ಬಂದ ಬುಕಾನನ್ ಅಂದಾಜು ಮಾಡಿದ. ಅವನ ಕಾಲಕ್ಕೆ ಉಳಿದಿದ್ದವರು 32 ಸಾವಿರದ ಆಸುಪಾಸು. ಆಸ್ಥಾನ ಹೋಯಿತು, ಸೈನ್ಯ ಹೋಯಿತು, ಅದರ ಹಿಂದೆ ಬಡಗಿ, ಕಂಚುಗಾರ, ಸರಾಫ ಎಲ್ಲ ಹೋದರು. ಮಿಕ್ಕವರನ್ನು ಜ್ವರ ನೋಡಿಕೊಂಡಿತು. ಟಿಪ್ಪುವಿನ ಅರಮನೆ ಲಾಲ್ ಮಹಲನ್ನು ಕೆಡವಿದರು. ವಾದ್ಯದ ಕೋಣೆಯೂ ಹಾಗೇ ಮಣ್ಣಾಯಿತು. ಊದುವವರು ಎಲ್ಲಿಗೆ ಹೋದರು ಎಂಬುದಕ್ಕೆ ದಫ್ತರದ ಕಾಗದ ಬೇಡ, ಇವತ್ತು ಕೊಂಬು ಎಲ್ಲಿ ಉಳಿದಿದೆ ನೋಡಿದರೆ ಸಾಕು: ಗುಡಿಯಲ್ಲಿ, ಜಾತ್ರೆಯಲ್ಲಿ, ಹಬ್ಬದಲ್ಲಿ. ದೊರೆ ಕೈಬಿಟ್ಟ ದನಿಯನ್ನು ದೇವರು ಸಾಕಿದ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೇಲೆ ಟಿಪ್ಪು ಕೊಟ್ಟದ್ದೆಂದು ಹೇಳುವ ದೊಡ್ಡ ನಗಾರಿಯೊಂದಿದೆ. ಅರಮನೆಯ ನಗಾರಿ ಹೋಯಿತು, ಬೆಟ್ಟದ್ದು ಉಳಿಯಿತು.

ಹುಲಿಯ ಕತೆ ಇನ್ನೊಂದು ಬಗೆ. ಲಂಡನ್ನಿನ ಕೋಟೆಯಲ್ಲಿಡಲು ತಕ್ಕದ್ದೆಂದು ಮೊದಲು ಯೋಚಿಸಿದ್ದರು. ಕೊನೆಗೆ 1808ರಲ್ಲಿ ಅದು ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಜನರ ಎದುರಿಗೆ ಬಂತು. ಇಟ್ಟ ಜಾಗವೋ, ಪುಸ್ತಕ ಓದುವ ಕೋಣೆ! ಯಾರು ಬೇಕಾದರೂ ಬಂದು ಹಿಡಿ ತಿರುಗಿಸಬಹುದಿತ್ತು. ಸಂಸ್ಕೃತ, ಪಾರಸಿ ಹಸ್ತಪ್ರತಿಗಳ ಮೇಲೆ ಬಗ್ಗಿ ಕೂತ ಪಂಡಿತರ ಬೆನ್ನ ಹಿಂದೆ ದಿನವಿಡೀ ಗೋಳಾಟ, ಗುರ್ರಾಟ. ಹುಲಿ ಕೊನೆಗೂ ಬಾಯಿ ಮುಚ್ಚಿತಲ್ಲ ಎಂದು ಆಮೇಲೆ ಪತ್ರಿಕೆಯೊಂದು ಉಸ್ಸೆಂದಿತು. ಕವಿ ಕೀಟ್ಸ್ 1819ರ ತನ್ನ ಕವನವೊಂದರಲ್ಲಿ ಇದನ್ನು ತಂದ. 1843ರ ಹೊತ್ತಿಗೆ ಯಂತ್ರ ಕೆಟ್ಟಿತ್ತು, ಹಿಡಿಯೂ ಎಲ್ಲೋ ಕಳೆದುಹೋಯಿತು. 1858ರಲ್ಲಿ ಕಂಪನಿಯೇ ಬರಖಾಸ್ತಾದ ಮೇಲೆ ಹುಲಿ ಕಟ್ಟಡದಿಂದ ಕಟ್ಟಡಕ್ಕೆ ಅಲೆದು 1880ರ ಹೊತ್ತಿಗೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಚಾವಣಿ ಕುಸಿದು ನೂರಾರು ಚೂರಾಯಿತು. ಚೂರುಗಳನ್ನು ಜೋಡಿಸಿ 1947ಕ್ಕೆ ಮತ್ತೆ ನಿಲ್ಲಿಸಿದರು. ಆ ವರ್ಷ ಇಂಗ್ಲಿಷರು ಇಲ್ಲಿಂದ ಹೊರಡುತ್ತಿದ್ದರು.

ಪಟ್ಟಣ ಬರಿದಾಗುತ್ತಿದ್ದ ದಶಕಗಳಲ್ಲೇ ಯುರೋಪಿನಲ್ಲಿ ಹಿತ್ತಾಳೆಯ ಹೊಟ್ಟೆ ಉಬ್ಬತೊಡಗಿತು. 1817ರಲ್ಲಿ ಪ್ಯಾರಿಸಿನ ಹಲಾರಿ ಎಂಬ ವಾದ್ಯಗಾರ ಹಾವಿನ ಬದಲು ಒಫಿಕ್ಲೈಡ್ ತಂದ. ಪೂರ್ತಿ ಲೋಹ, ಮೈಮೇಲೆ ಚಾವಿಗಳು. ಅದರ ಕಾಲ ಹೆಚ್ಚು ನಡೆಯಲಿಲ್ಲ. 1835ರ ಸೆಪ್ಟೆಂಬರ್ 12ರಂದು ಪ್ರಷ್ಯದ ಸೇನಾ ಬ್ಯಾಂಡಿನ ವೀಪ್ರೆಕ್ಟ್ ಮತ್ತು ವಾದ್ಯ ಕಟ್ಟುವ ಮೊರಿಟ್ಸ್ ಸೇರಿ ಬಾಸ್ ಟ್ಯೂಬಾಕ್ಕೆ ಪೇಟೆಂಟು ಪಡೆದರು. ಕವಾಟಗಳ ಗುಂಡಿಯೊತ್ತಿದರೆ ಕೊಳವೆಗೆ ಇನ್ನಷ್ಟು ಉದ್ದ ಸೇರುತ್ತದೆ. ಹಾಗಾಗಿ ಕೆಳಗಿನ ಸ್ಥಾಯಿಯಲ್ಲೂ ಸ್ವರ ತಪ್ಪುವುದಿಲ್ಲ. ಆಮೇಲೆ ಪೈಪೋಟಿ. ಅಡಾಲ್ಫ್ ಸಾಕ್ಸ್, ಬೆಸೋನ್ ಮುಂತಾದವರು ಮನುಷ್ಯನಿಗಿಂತ ಎತ್ತರದ ದೈತ್ಯ ವಾದ್ಯಗಳನ್ನು ಮಾಡಿ ಪ್ರದರ್ಶನಗಳಲ್ಲಿ ಇಟ್ಟರು. ನೋಡಲು ಜನ ಬಂದರು, ಊದಲು ಯಾರೂ ಬರಲಿಲ್ಲ. ಹೆಗಲಿಗೆ ಬಳೆಯಂತೆ ಏರುವ ಹೆಲಿಕಾನ್ ಹುಟ್ಟಿದ್ದು, ನಡೆಯುತ್ತ ಊದಬೇಕಲ್ಲ ಎಂಬ ದಂಡಿನ ಅನುಕೂಲಕ್ಕೆ; ಅದರ ಮೊಮ್ಮಗನಂತೆ 1893ರಲ್ಲಿ ಅಮೆರಿಕದ ಸೂಸಾಫೋನ್ ಬಂತು.

ಪಲ್ಟನುಗಳ ಬೆನ್ನಿಗೇ ಈ ಹಿತ್ತಾಳೆ ನಮ್ಮಲ್ಲಿಗೂ ಬಂತು. ಪಟ್ಟಣದ ಜ್ವರಕ್ಕೆ ಹೆದರಿ ಇಂಗ್ಲಿಷರು ದಂಡನ್ನು ಬೆಂಗಳೂರಿಗೆ ಒಯ್ದರೂ, ಫ್ರೆಂಚ್ ರಾಕ್ಸಿನಲ್ಲಿ ಮದ್ರಾಸ್ ಸೇನೆಯ ಕಾಲಾಳು ಪಡೆ ಬಹುಕಾಲ ಇತ್ತು. ಫ್ರೆಂಚರ ಗುಡ್ಡದಲ್ಲಿ ಇಂಗ್ಲಿಷ್ ಬಿಗಿಲು! ಮೈಸೂರಿನ ಅರಮನೆಯೂ ತನ್ನದೇ ಬ್ಯಾಂಡು ಕಟ್ಟಿತು, ಅದೂ ಎರಡು: ಒಂದು ಇಂಗ್ಲಿಷ್ ಬ್ಯಾಂಡು, ಒಂದು ಕರ್ನಾಟಕ ಬ್ಯಾಂಡು. ಜರ್ಮನಿಯ ಆಟೋ ಶ್ಮಿಟ್ ಬಂದು ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಜಯಚಾಮರಾಜ ಒಡೆಯರಂತೂ ಆ ಸಂಗೀತವನ್ನು ಓದಿ ಪಾಸು ಮಾಡಿದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು, ರಷ್ಯದ ಮೆಡ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಪಟ್ಟಣದ ಹುಲಿ ಲಂಡನ್ನಿಗೆ ಹೋಗಿ ನೂರೈವತ್ತು ವರ್ಷವಾಗುವಷ್ಟರಲ್ಲಿ ಲಂಡನ್ನಿನ ವಾದ್ಯಗೋಷ್ಠಿಗೆ ಮೈಸೂರಿನ ದೊರೆ ಪೋಷಕ. ರಾಜ್ಯ ವಿಲೀನವಾದ ಮೇಲೆ ಅರಮನೆಯ ಬ್ಯಾಂಡು ಪೊಲೀಸರ ಮಡಿಲಿಗೆ ಹೋಯಿತು. ದಸರೆಯಲ್ಲಿ ನಾವು ಕೇಳುವ ಪೊಲೀಸ್ ಬ್ಯಾಂಡು ಅದರದೇ ಬಳ್ಳಿ.

ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿಯೇ ಹುಡುಗ ಕದ್ರಿ ಗೋಪಾಲನಾಥರು ಮರುಳಾದದ್ದು, ಮುಂದೆ ಅದನ್ನು ಕರ್ನಾಟಕ ಸಂಗೀತದ ವಾದ್ಯವನ್ನಾಗಿ ಮಾಡಿದ್ದು ಎಲ್ಲರಿಗೂ ಗೊತ್ತಿದೆ. ಅದೇ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ದಪ್ಪ ಹಿತ್ತಾಳೆಯೂ ಇತ್ತು. ಅದಕ್ಕೆ ಯಾವ ಕದ್ರಿಯೂ ಸಿಗಲಿಲ್ಲ. ಕಾರಣ ಇದೆ. ನಮ್ಮ ಸಂಗೀತಕ್ಕೆ ಕೆಳಗಿನಿಂದ ಬೇರೆ ಸ್ವರ ಹಿಡಿದು ನಡೆಸುವ ಪದ್ಧತಿಯೇ ಇಲ್ಲ, ಆ ಜಾಗವನ್ನು ತಂಬೂರಿಯ ಶ್ರುತಿ ತುಂಬಿದೆ. ಮೂರು ಗುಂಡಿಯ ಟ್ಯೂಬಾದಲ್ಲಿ ಗಮಕ ಎಳೆಯುವುದು ಎಮ್ಮೆಯನ್ನು ಕುಣಿಸಿದ ಹಾಗೆ. ಹಾಗಾಗಿ ದಪ್ಪ ದನಿ ನಮ್ಮಲ್ಲಿ ಎಂದೂ ಕಛೇರಿಯ ಕಲೆಯಾಗಲಿಲ್ಲ, ಮೆರವಣಿಗೆಯ ದನಿಯಾಗಿಯೇ ಉಳಿಯಿತು. ಕೊಂಬಿಗೂ ಅದೇ ಗತಿ, ಟ್ಯೂಬಾಕ್ಕೂ ಅದೇ.

ಕೆಲವು ವರ್ಷದ ಹಿಂದೆ ಕೆ.ಆರ್. ಪೇಟೆ ಕಡೆಯ ಒಂದು ಮದುವೆಗೆ ಹೋಗಿದ್ದೆ. ದಿಬ್ಬಣದ ಬ್ಯಾಂಡ್‌ಸೆಟ್ಟಿನಲ್ಲಿ ಒಬ್ಬರ ಹೆಗಲಿಗೆ ಸೂಸಾಫೋನ್ ಸುತ್ತಿಕೊಂಡಿತ್ತು. ಬಿಳಿ ಫೈಬರಿನ ಅಗಲ ಬಾಯಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಬ್ಯಾಂಡಿನ ಹೆಸರು, ಒಡೆದ ಅಂಚಿಗೆ ಎಂ-ಸೀಲ್ ಮೆತ್ತಿದ ಬೂದು ತೇಪೆ. ಚಪ್ಪರದ ಹತ್ತಿರ ಅದನ್ನು ಬಾಯಿ ಕೆಳಗಾಗಿ ಇಳಿಸಿ ಅವರು ಊಟಕ್ಕೆ ಹೋದಾಗ ಹುಡುಗರು ಸುತ್ತ ನೆರೆದು ತಟ್ಟಿ ನೋಡುತ್ತಿದ್ದರು. ದಿಬ್ಬಣ ನಡೆದಷ್ಟು ಹೊತ್ತೂ ನನಗೆ ಅದರ ದನಿ ಕೇಳಿಸಿರಲಿಲ್ಲ. ಎಲೆಯಡಿಕೆಯ ಹೊತ್ತಿಗೆ ವಿಚಾರಿಸಿದೆ. ಗಾಡಿಯ ಮೇಲಿನ ಕೀಬೋರ್ಡೇ ಸ್ಪೀಕರಿನಲ್ಲಿ ಬೇಸ್ ಕೊಡುತ್ತದೆ, ಇದನ್ನು ಊದಿದರೂ ಕೇಳುವುದಿಲ್ಲ, ಆದರೆ ಇದಿಲ್ಲದಿದ್ದರೆ ಬ್ಯಾಂಡು ಬ್ಯಾಂಡಿನ ಹಾಗೆ ಕಾಣುವುದಿಲ್ಲವೆಂದು ಪಾರ್ಟಿಯವರು ತಕರಾರು ಮಾಡುತ್ತಾರೆ ಎಂದು ಅವರು ನಕ್ಕರು. ಒಂದು ಸಲ ಊದಿ ತೋರಿಸಿ ಎಂದೆ. ಊದಿದರು. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅತ್ತಿತು, ಅಡುಗೆಮನೆಯಿಂದ ಯಾರೋ ಬೈದರು. ಅಲ್ಲಿಗೆ ಆ ದಿನದ ಕಛೇರಿ ಮುಗಿಯಿತು.

ಈಗ ಪ್ರತಿ ದಸರೆಗೆ ಕಿರಂಗೂರಿನ ಬನ್ನಿಮಂಟಪದಿಂದ ಪಟ್ಟಣದವರೆಗೆ ಜಂಬೂಸವಾರಿ ಹೊರಡುತ್ತದೆ. ವೈರಮುಡಿಯ ದಿನ ಮಂಡ್ಯದ ಖಜಾನೆಯಿಂದ ಹೊರಟ ಕಿರೀಟದ ಪೆಟ್ಟಿಗೆ ಹಾದಿಯ ಊರೂರಿನ ಪೂಜೆ ತೆಗೆದುಕೊಂಡು ಮೇಲುಕೋಟೆ ಹತ್ತುತ್ತದೆ. ಇಂಥ ಕಡೆ ಧ್ವನಿವರ್ಧಕದ ಗಾಡಿ ಹತ್ತಿಪ್ಪತ್ತು ಮಾರು ಮುಂದೆ ಹೋಗಿ ಒಂದು ಗಳಿಗೆ ಬಿಡುವು ಸಿಕ್ಕರೆ ಸಾಕು, ಕೊಂಬಿನ ದನಿ ಈಗಲೂ ಎದೆಗೆ ಬಂದು ತಾಗುತ್ತದೆ.

ನಿಮ್ಮೂರ ಗುಡಿಯ ಉಗ್ರಾಣದಲ್ಲೋ ಹಳೆಯ ಮನೆಯ ಅಟ್ಟದಲ್ಲೋ ಕೊಂಬು, ಕಹಳೆ ಯಾವುದಾದರೂ ಬಿದ್ದಿದ್ದರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಅದು ಪಾತ್ರೆಯಂಗಡಿಯ ತಕ್ಕಡಿ ಏರುವ ಮುಂಚೆ ಒಂದು ಕೆಲಸ ಮಾಡಿ. ಸಂದಿಗೆ ಮೇಣ ಒತ್ತಿಸಿ, ಊದಬಲ್ಲ ಹಿರಿಯರೊಬ್ಬರನ್ನು ಕರೆದು ಕೂರಿಸಿ, ಮೊಬೈಲಿನಲ್ಲಾದರೂ ಆ ದನಿ ಹಿಡಿದಿಟ್ಟುಕೊಳ್ಳಿ. ಯಾರ ಮನೆತನ ಅದನ್ನು ಊದುತ್ತಿತ್ತು, ಯಾವ ಹಬ್ಬಕ್ಕೆ, ಯಾವ ಬಾಗಿಲಲ್ಲಿ ನಿಂತು ಎಂದು ಕೇಳಿ ಬರೆದಿಡಿ. 1799ರಲ್ಲಿ ಆ ವಾದ್ಯದ ಕೋಣೆಗೆ ಕಾಲಿಟ್ಟವರು ಹುಲಿಯೊಂದನ್ನು ನೋಡಿ ಹೊರಬಂದರು.